ಅಮೆರಿಕದ ಯಹೂದಿ ಸೇವಾ ಸಂಸ್ಥೆಗಳಲ್ಲಿ ಕೆಲಸ: ಅರ್ಜಿಗೂ ಮೊದಲಿನಿಂದ ಮೊದಲ ಮೂರು ತಿಂಗಳವರೆಗೆ

"ಮನೆ ಹತ್ತಿರದ ಜೆಸಿಸಿಯಲ್ಲಿ (ಯಹೂದಿ ಸಮುದಾಯ ಕೇಂದ್ರದಲ್ಲಿ) ಕೆಲಸ ಖಾಲಿ ಇದೆಯಂತೆ, ಅರ್ಜಿ ಹಾಕಲಾ?" ಅಮೆರಿಕಕ್ಕೆ ಬಂದ ಕನ್ನಡಿಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹಾಕುತ್ತಾರೆ, ಉತ್ತರ ಬರುವುದಿಲ್ಲ. ಉತ್ತರ ಬಂದವರು ಸಂದರ್ಶನದಲ್ಲಿ ಹೊಗಳಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಕೆಲಸ ಸಿಕ್ಕವರು ಎರಡನೇ ತಿಂಗಳಲ್ಲಿ ಹಬ್ಬದ ದಿನ ಮೀಟಿಂಗ್ ಇಟ್ಟು ಪೇಚಿಗೆ ಸಿಲುಕುತ್ತಾರೆ. ಆ ಕೊನೆಯ ಸಾಲಿನಲ್ಲಿ ನಾನೂ ಇದ್ದೇನೆ.

ಯಹೂದಿ ಅಲ್ಲದವರಿಗೂ ಇಲ್ಲಿ ಕೆಲಸ ಇದೆ. ಲೆಕ್ಕಪತ್ರ, ಡೇಟಾಬೇಸ್, ಶಿಶುವಿಹಾರ, ವೃದ್ಧರ ಸೇವೆ, ಅನುದಾನಕ್ಕೆ ಅರ್ಜಿ ಬರೆಯುವುದು, ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸಗಳು. ಆದರೆ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜನ ಎಡವುವುದು ಹೆಚ್ಚಾಗಿ ನಾಲ್ಕನೆಯದನ್ನು ಮೊದಲು ಮಾಡಿ, ಮೊದಲನೆಯದನ್ನು ಕೊನೆಗೆ ಇಟ್ಟುಕೊಂಡಾಗ.

ಕೈಗೆ ಬೇಕಾದ ಸಾಮಾನು

ದುಡ್ಡು ಖರ್ಚಾಗುವಂಥದ್ದು ಏನೂ ಇಲ್ಲ. ಹೆಬ್‌ಕ್ಯಾಲ್ ಎಂಬ ಉಚಿತ ಯಹೂದಿ ಪಂಚಾಂಗ ಬೇಕು, ಇದನ್ನು ಗೂಗಲ್ ಅಥವಾ ಔಟ್‌ಲುಕ್ ಕ್ಯಾಲೆಂಡರಿಗೆ ಜೋಡಿಸಬಹುದು. ಸಂಸ್ಥೆಗಳ ತೆರಿಗೆ ಫಾರ್ಮ್ ನೋಡಲು ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಅಥವಾ ಕ್ಯಾಂಡಿಡ್ ಸಾಕು. ಕೆಲಸ ಹುಡುಕಲು ಜ್ಯೂಯಿಷ್‌ಜಾಬ್ಸ್ ಡಾಟ್ ಕಾಮ್, ಐಡಿಯಲಿಸ್ಟ್, ಜೊತೆಗೆ ಆಯಾ ಸಂಸ್ಥೆಯ ಸ್ವಂತ ಪುಟ. ಇನ್ನೊಂದು ಸಣ್ಣ ನೋಟ್‌ಬುಕ್. ಮೊದಲ ಮೂರು ತಿಂಗಳಲ್ಲಿ ಕೇಳುವ ಹೊಸ ಪದಗಳೇ ಅರ್ಧ ಪುಸ್ತಕ ತುಂಬುತ್ತವೆ.

ಹಂತ 1: ಮೊದಲು ವೀಸಾ ನೋಡಿ, ಆಮೇಲೆ ರೆಸ್ಯೂಮೆ

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೂರು ಸುತ್ತಿನ ಸಂದರ್ಶನ ಮುಗಿದ ಮೇಲೆ "ನನಗೆ ಸ್ಪಾನ್ಸರ್ ಬೇಕು" ಎನ್ನುತ್ತಾರೆ. ಸಣ್ಣ ಸಂಸ್ಥೆಗೆ ಅಲ್ಲಿಗೇ ಬಾಗಿಲು ಮುಚ್ಚುತ್ತದೆ.

ತುಂಬಾ ಓಡಾಡುವ ಒಂದು ತಪ್ಪು ನಂಬಿಕೆ ಇದೆ. ನಾನ್‌ಪ್ರಾಫಿಟ್ (ಲಾಭರಹಿತ ಸಂಸ್ಥೆ) ಆದರೆ ಎಚ್-1ಬಿ ಉದ್ಯೋಗ ವೀಸಾದ ಲಾಟರಿ ಬೇಡ ಅಂತ. ಹಾಗಿಲ್ಲ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲಿ ಮಾಸ್ಟರ್ಸ್ ಓದಿದವರಿಗೆ 20,000 ವೀಸಾ ಎಂಬ ಮಿತಿಯಿಂದ ವಿನಾಯಿತಿ ಸಿಗುವುದು ಮುಖ್ಯವಾಗಿ ವಿಶ್ವವಿದ್ಯಾಲಯಗಳಿಗೆ, ಅವುಗಳ ಜೊತೆ ಕಾನೂನುಬದ್ಧ ನಂಟಿರುವ ನಾನ್‌ಪ್ರಾಫಿಟ್‌ಗಳಿಗೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ನಿಮ್ಮೂರಿನ ಸಮುದಾಯ ಕೇಂದ್ರ ಇದರಲ್ಲಿ ಬರುವುದು ಅಪರೂಪ.

ಓದು ಮುಗಿಸಿ ಓಪಿಟಿಯಲ್ಲಿ (ವಿದ್ಯಾರ್ಥಿ ವೀಸಾದವರಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ) ಇದ್ದೀರಾ? ಮೊದಲ 12 ತಿಂಗಳಲ್ಲಿ ನಿಮ್ಮ ಓದಿಗೆ ಸಂಬಂಧಿಸಿದ ಕೆಲಸವನ್ನು ವಾರಕ್ಕೆ ಕನಿಷ್ಠ 20 ಗಂಟೆ ಸ್ವಯಂಸೇವೆಯಾಗಿ ಮಾಡಿದರೂ ನಡೆಯುತ್ತದೆ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆಯಲ್ಲಿ ಆಗುವುದಿಲ್ಲ. ಅಲ್ಲಿ ಸಂಬಳ ಇರಬೇಕು, ಸಂಸ್ಥೆ ಇ-ವೆರಿಫೈ ಎಂಬ ಸರ್ಕಾರಿ ಪರಿಶೀಲನಾ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ಐ-983 ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಮಾನವ ಸಂಪನ್ಮೂಲ ವಿಭಾಗದಲ್ಲಿ ಒಬ್ಬರೇ ಇರುವ ಸಂಸ್ಥೆಗೆ ಈ ಫಾರ್ಮಿನ ಹೆಸರೇ ಗೊತ್ತಿರುವುದಿಲ್ಲ. ಮೊದಲ ಫೋನ್ ಮಾತಿನಲ್ಲೇ ಕೇಳಿಬಿಡಿ.

ಎಚ್-4ರಲ್ಲಿದ್ದು (ಎಚ್-1ಬಿಯವರ ಕುಟುಂಬದ ವೀಸಾ) ಇಎಡಿ, ಅಂದರೆ ಕೆಲಸದ ಅನುಮತಿ ಚೀಟಿ, ಇಲ್ಲದವರು ಇನ್ನೂ ಹುಷಾರಾಗಿರಿ. "ಸುಮ್ನೆ ವಾಲಂಟಿಯರ್ ಆಗಿ ಬನ್ನಿ" ಎಂದು ಒಳ್ಳೆ ಮನಸ್ಸಿನಿಂದಲೇ ಕರೆಯುತ್ತಾರೆ. ಆದರೆ ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಬಿಟ್ಟಿಯಾಗಿ ಮಾಡಿದರೆ ಅದು ಅನುಮತಿ ಇಲ್ಲದ ಉದ್ಯೋಗ ಎನಿಸಬಹುದು. ವಾರಕ್ಕೊಮ್ಮೆ ಹೋಗಿ ಆಹಾರದ ಪೊಟ್ಟಣ ಕಟ್ಟುವುದು ಬೇರೆ, ದಿನವೂ ಮೇಜಿನ ಹಿಂದೆ ಕೂತು ರಿಸೆಪ್ಷನ್ ನೋಡುವುದು ಬೇರೆ. ಅನುಮಾನ ಬಂದರೆ ವಕೀಲರನ್ನು ಕೇಳಿ. ಸ್ನೇಹಿತರ ವಾಟ್ಸಾಪ್ ಗುಂಪು ವಕೀಲರಲ್ಲ.

ಹಂತ 2: ಯಾವ ಬಗೆಯ ಸಂಸ್ಥೆ ಎಂದು ಬೇರ್ಪಡಿಸಿ

"ಯಹೂದಿ ಸಂಸ್ಥೆ" ಎನ್ನುವುದು ಒಂದೇ ಡಬ್ಬ ಅಲ್ಲ. ಒಂದೇ ಕವರ್ ಲೆಟರ್ ಎಲ್ಲರಿಗೂ ಕಳಿಸುವವರು ಸೋಲುವುದು ಇಲ್ಲೇ.

ಫೆಡರೇಷನ್ ಎಂದರೆ ಒಂದು ಊರಿನ ಅಥವಾ ಪ್ರದೇಶದ ಯಹೂದಿ ಸಮುದಾಯದಿಂದ ಹಣ ಒಟ್ಟುಮಾಡಿ ಬೇರೆ ಸಂಸ್ಥೆಗಳಿಗೆ ಹಂಚುವ ಮನೆ. ನ್ಯೂಯಾರ್ಕಿನ ಯುಜೆಎ-ಫೆಡರೇಷನ್ ಅಂಥದ್ದು. ಇಲ್ಲಿ ದಾನಿಗಳ ಡೇಟಾಬೇಸ್, ಹಣಕಾಸು, ಕಾರ್ಯಕ್ರಮ ಆಯೋಜನೆ ಗೊತ್ತಿರುವವರಿಗೆ ಜಾಗ ಇದೆ.

ಜೆಸಿಸಿ ಎಂದರೆ ಜ್ಯೂಯಿಷ್ ಕಮ್ಯೂನಿಟಿ ಸೆಂಟರ್. ಈಜುಕೊಳ, ವ್ಯಾಯಾಮಶಾಲೆ, ಶಿಶುವಿಹಾರ, ಬೇಸಿಗೆ ಶಿಬಿರ, ಹಿರಿಯರ ಕಾರ್ಯಕ್ರಮ ಎಲ್ಲ ಒಂದೇ ಸೂರಿನಡಿ. ಸದಸ್ಯತ್ವ ಎಲ್ಲರಿಗೂ ತೆರೆದಿರುತ್ತದೆ. ನಮ್ಮವರು ಮೊದಲು ಒಳಗೆ ಬರುವುದು ಸಾಮಾನ್ಯವಾಗಿ ಇಲ್ಲಿನ ಶಿಶುವಿಹಾರದ ಬಾಗಿಲಿನಿಂದ. ಮಗುವನ್ನು ಬಿಡಲು ಬಂದವರು ಸಹಾಯಕ ಶಿಕ್ಷಕಿಯಾಗಿ ಉಳಿಯುತ್ತಾರೆ.

ಜ್ಯೂಯಿಷ್ ಫ್ಯಾಮಿಲಿ ಸರ್ವಿಸ್ ಎಂಬ ಹೆಸರಿನವು ಸಮಾಜಸೇವೆಯ ಸಂಸ್ಥೆಗಳು. ಆಪ್ತಸಮಾಲೋಚನೆ, ವೃದ್ಧರ ಆರೈಕೆ, ಆಹಾರ ವಿತರಣೆ, ಕೆಲವು ಕಡೆ ನಿರಾಶ್ರಿತರ ಪುನರ್ವಸತಿ. ಸೋಷಿಯಲ್ ವರ್ಕ್ ಓದಿದವರಿಗೆ ಸರಿಯಾದ ಜಾಗ. ಆದರೆ "ನನಗೆ ಐದು ಭಾರತೀಯ ಭಾಷೆ ಬರುತ್ತೆ" ಎಂಬುದು ಇಲ್ಲಿ ನೀವು ಅಂದುಕೊಂಡಷ್ಟು ಬೆಲೆ ತರುವುದಿಲ್ಲ. ರಷ್ಯನ್, ಸ್ಪ್ಯಾನಿಷ್, ಅಫ್ಘಾನಿಸ್ತಾನದ ದರಿ ಬಲ್ಲವರನ್ನು ಕೇಳುತ್ತಾರೆ. ಕನ್ನಡ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಹಿಲೆಲ್ ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತದೆ. ಜೆಡಿಸಿ, ಹಯಸ್, ಅಮೆರಿಕನ್ ಜ್ಯೂಯಿಷ್ ವರ್ಲ್ಡ್ ಸರ್ವಿಸ್ ಇವು ಹೊರದೇಶಗಳ ಮತ್ತು ನಿರಾಶ್ರಿತರ ನೆರವಿನ ಕಡೆಯವು. ಎಡಿಎಲ್, ಎಜೆಸಿ ಹಕ್ಕು ಮತ್ತು ನೀತಿಯ ಕೆಲಸ ಮಾಡುತ್ತವೆ. ಸಿನಗಾಗ್ ಎಂದರೆ ಪ್ರಾರ್ಥನಾ ಮಂದಿರ, ಅಲ್ಲೂ ಆಫೀಸ್ ಮ್ಯಾನೇಜರ್, ಲೆಕ್ಕಿಗರು ಬೇಕಾಗುತ್ತಾರೆ.

ಭಾರತದಲ್ಲೇ ಈ ಕೆಲಸ ಬೇಕು ಎನ್ನುವವರಿಗೆ ಒಂದು ಮಾತು. ಜೆಡಿಸಿ, ವೃತ್ತಿ ತರಬೇತಿ ಕೊಡುವ ಓಆರ್‌ಟಿ ಎರಡೂ ಮುಂಬೈಯಲ್ಲಿ ಕೆಲಸ ಮಾಡುತ್ತಿವೆ. ಆದರೆ ಸಮುದಾಯ ತೀರಾ ಚಿಕ್ಕದು, ಹುದ್ದೆಗಳೂ ಬೆರಳೆಣಿಕೆ. ಅಲ್ಲಿನ ಬೆನೆ ಇಸ್ರೇಲ್ ಎಂಬ ಯಹೂದಿ ಜನರ ಮನೆಮಾತು ಮರಾಠಿ. ಬೆಳಗಾವಿ ಕಡೆಯವರಿಗೆ ಅದು ಲಾಭ, ಮಂಡ್ಯದವರಿಗೆ ಅಷ್ಟಿಲ್ಲ.

ಹಂತ 3: ದುಡ್ಡು ಎಲ್ಲಿಂದ ಬರುತ್ತದೆ ಎಂದು ನೋಡಿ

ಕೆಲಸ ಕೇಳುವ ಮುಂಚೆ ಸಂಸ್ಥೆಯ ಫಾರ್ಮ್ 990 ತೆರೆಯಿರಿ. ತೆರಿಗೆ ವಿನಾಯಿತಿ ಪಡೆದ ಬಹುಪಾಲು ಸಂಸ್ಥೆಗಳು ಇದನ್ನು ಪ್ರತಿ ವರ್ಷ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಸಿನಗಾಗ್‌ಗಳಿಗೆ ಈ ಕಡ್ಡಾಯ ಇಲ್ಲ, ಆದ್ದರಿಂದ ಸಿಗದಿದ್ದರೆ ಗಾಬರಿ ಬೇಡ.

ಅರವತ್ತು ಪುಟ ಓದಬೇಕಿಲ್ಲ. ಮೂರು ಕಡೆ ಕಣ್ಣಾಡಿಸಿ. ಏಳನೇ ಭಾಗದಲ್ಲಿ ಮುಖ್ಯಸ್ಥರ ಹೆಸರು ಮತ್ತು ಸಂಬಳ ಇರುತ್ತದೆ. ಎಂಟನೇ ಭಾಗದಲ್ಲಿ ಆದಾಯ, ಅದರೊಳಗೆ ಸರ್ಕಾರದ ಅನುದಾನಕ್ಕೆ ಬೇರೆ ಸಾಲು. ಮೊದಲ ಪುಟದಲ್ಲಿ ಈ ವರ್ಷ ಮತ್ತು ಹಿಂದಿನ ವರ್ಷದ ಆದಾಯ-ಖರ್ಚು ಪಕ್ಕಪಕ್ಕದಲ್ಲಿ. ಈ ಲೆಕ್ಕ ಒಂದೆರಡು ವರ್ಷ ಹಳೆಯದಾಗಿರುತ್ತದೆ ಎಂಬುದು ನೆನಪಿರಲಿ.

ಸರ್ಕಾರದ ಸಾಲನ್ನು ಯಾಕೆ ನೋಡಬೇಕು? 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ನಿರಾಶ್ರಿತರ ಪ್ರವೇಶವನ್ನೇ ನಿಲ್ಲಿಸಿತು. ಆ ಅನುದಾನದ ಮೇಲೆ ನಿಂತಿದ್ದ ಪುನರ್ವಸತಿ ಸಂಸ್ಥೆಗಳಲ್ಲಿ ಜನ ಕೆಲಸ ಕಳೆದುಕೊಂಡರು. ಅವರ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ, ದುಡ್ಡಿನ ನಲ್ಲಿ ಬಂದ್ ಆಯಿತು ಅಷ್ಟೇ. "ಈ ಹುದ್ದೆಯ ಸಂಬಳ ಯಾವ ನಿಧಿಯಿಂದ, ಎಷ್ಟು ದಿನದ ಮಟ್ಟಿಗೆ?" ಎಂದು ಕೇಳುವುದು ಅವಿನಯ ಅಲ್ಲ. ಈ ಕ್ಷೇತ್ರದವರು ದಿನವೂ ಕೇಳಿಕೊಳ್ಳುವ ಪ್ರಶ್ನೆ ಅದು.

ಹಂತ 4: ಜಾಹೀರಾತಿನ ಪದಗಳನ್ನು ಅಳೆದು ಅರ್ಜಿ ಬರೆಯಿರಿ

ಜಾಹೀರಾತಿನಲ್ಲಿ ಒಂದು ಸಾಲು ಹುಡುಕಿ. "ಯಹೂದಿ ಜೀವನದ ಪರಿಚಯ ಇದ್ದರೆ ಒಳ್ಳೆಯದು" ಎಂದಿದ್ದರೆ ಹಾಕಿ. "ಯಹೂದಿ ಪಠ್ಯ, ಹೀಬ್ರೂ, ಆಚರಣೆಯಲ್ಲಿ ಆಳವಾದ ಜ್ಞಾನ ಬೇಕು" ಎಂದಿದ್ದರೆ ಬಿಡಿ, ಅದು ನಿಮ್ಮ ಹುದ್ದೆ ಅಲ್ಲ. ಏನೂ ಬರೆದಿಲ್ಲವೆಂದರೆ ನಿಮ್ಮ ಕೌಶಲವೇ ಮುಖ್ಯ ಎಂದರ್ಥ. ಧಾರ್ಮಿಕ ಸಂಸ್ಥೆಗಳು ತಮ್ಮ ಧರ್ಮದವರಿಗೆ ಆದ್ಯತೆ ಕೊಡಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದ್ದರಿಂದ ಅಂಥ ಸಾಲು ಕಂಡಾಗ ಬೇಸರ ಮಾಡಿಕೊಂಡು ವಾದಕ್ಕೆ ಇಳಿಯಬೇಡಿ.

ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಕೊಲರಾಡೊ ರಾಜ್ಯಗಳಲ್ಲಿ ತೀರಾ ಸಣ್ಣವನ್ನು ಬಿಟ್ಟರೆ ಉಳಿದ ಸಂಸ್ಥೆಗಳು ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹಾಕಬೇಕು. ಹಾಕದ ಜಾಹೀರಾತು ಕಂಡರೆ ಅದೇ ಒಂದು ಎಚ್ಚರಿಕೆ.

ರೆಸ್ಯೂಮೆಯಲ್ಲಿ ನಮ್ಮವರು ಬಿಟ್ಟುಬಿಡುವ ದೊಡ್ಡ ಆಸ್ತಿ ಕನ್ನಡ ಕೂಟದ ಕೆಲಸ. ಯುಗಾದಿಗೆ ನಾನೂರು ಜನರ ಊಟ, ಸಭಾಂಗಣ, ಟಿಕೆಟ್, ಪ್ರಾಯೋಜಕರು, ಜಗಳವಾಡುವ ಸಮಿತಿ, ಇಷ್ಟನ್ನೂ ನಿಭಾಯಿಸಿದ್ದೀರಿ ಅಲ್ವಾ? ಇವರಿಗೂ ಬೇಕಾಗಿರುವುದು ಅದೇ. "ಸಾಂಸ್ಕೃತಿಕ ಆಸಕ್ತಿ" ಎಂದು ಕೊನೆಯಲ್ಲಿ ಒಂದು ಸಾಲು ಹಾಕುವ ಬದಲು ಅನುಭವದ ಪಟ್ಟಿಯಲ್ಲೇ ಹಾಕಿ. ಎಷ್ಟು ಜನ, ಎಷ್ಟು ಬಜೆಟ್, ಎಷ್ಟು ಸ್ವಯಂಸೇವಕರು ಎಂದು ಬರೆಯಿರಿ.

ಇನ್ನು ಸಮಯ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿ ಎರಡು ವಾರದಲ್ಲಿ ಉತ್ತರ ಬರಲಿಲ್ಲ ಎಂದು ಕೈಚೆಲ್ಲಬೇಡಿ. ಅದು ಹಬ್ಬಗಳ ಸಾಲು. ಹೀಬ್ರೂವಿನಲ್ಲಿ ಇದಕ್ಕೆ "ಅಖರೇ ಹ-ಖಗೀಮ್" ಎಂಬ ಮಾತೇ ಇದೆ, "ಹಬ್ಬ ಕಳೀಲಿ" ಎಂದು. ನಮ್ಮೂರಿನ ಕಚೇರಿಯಲ್ಲಿ "ದಸರಾ ಮುಗೀಲಿ ಬಿಡಿ" ಎನ್ನುವ ಹಾಗೆ. ಬಹಳಷ್ಟು ಸಂಸ್ಥೆಗಳ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. ಹೊಸ ಹುದ್ದೆಗಳು ಮಾರ್ಚ್‌ನಿಂದ ಜೂನ್‌ವರೆಗೆ ಜಾಸ್ತಿ ಕಾಣುತ್ತವೆ.

ಹಂತ 5: ಸಂದರ್ಶನ

"ಯಹೂದಿ ಸಂಸ್ಥೆಯಲ್ಲಿ ಯಾಕೆ ಕೆಲಸ ಮಾಡಬೇಕು ಅನಿಸಿತು?" ಎಂದು ಖಂಡಿತ ಕೇಳುತ್ತಾರೆ. ಇಲ್ಲಿ ಹಾಳಾಗುವ ಉತ್ತರ ಯಾವುದು ಗೊತ್ತಾ? "ಯಹೂದಿಗಳು ತುಂಬಾ ಬುದ್ಧಿವಂತರು, ವ್ಯಾಪಾರದಲ್ಲಿ ಎತ್ತಿದ ಕೈ, ನಮಗೆ ತುಂಬಾ ಗೌರವ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಕೇಳುವವರಿಗೆ ಅದು ನೂರಾರು ವರ್ಷ ತಮ್ಮನ್ನು ಹೊಡೆಯಲು ಬಳಸಿದ ಕೋಲು. ಹಣ, ಬುದ್ಧಿ, ಪ್ರಭಾವ, ಈ ಮೂರು ಪದ ಸಮುದಾಯದ ಹೆಸರಿನ ಪಕ್ಕ ಬರಲೇಬಾರದು.

ಒಳ್ಳೆಯ ಉತ್ತರ ಸಣ್ಣದಾಗಿರುತ್ತದೆ. ಆ ಸಂಸ್ಥೆ ಮಾಡುವ ಒಂದು ಕೆಲಸದ ಹೆಸರು, ಅದಕ್ಕೆ ನಿಮ್ಮ ಒಂದು ಅನುಭವದ ನಂಟು. "ನಿಮ್ಮ ಹಿರಿಯರ ಊಟದ ಕಾರ್ಯಕ್ರಮ ನೋಡಿದೆ. ನಾನು ಎರಡು ವರ್ಷ ವೃದ್ಧಾಶ್ರಮದ ಲೆಕ್ಕ ನೋಡಿದ್ದೇನೆ." ಇಷ್ಟು ಸಾಕು. ತ್ಸೆದಾಕಾ ಎಂಬ ಪದವನ್ನು ಅರ್ಥ ಮಾಡಿಕೊಂಡು ಹೋಗಿ. ಜನ ಅದನ್ನು ದಾನ ಎಂದು ಅನುವಾದಿಸುತ್ತಾರೆ, ಆದರೆ ಮೂಲ ಪದದಲ್ಲಿರುವುದು ನ್ಯಾಯ. ಕೊಡುವವರು ದೊಡ್ಡತನ ತೋರುತ್ತಿಲ್ಲ, ಸಲ್ಲಬೇಕಾದ್ದನ್ನು ಸಲ್ಲಿಸುತ್ತಿದ್ದಾರೆ ಎಂಬ ಭಾವ. ಗೊತ್ತಿಲ್ಲದ ಹೀಬ್ರೂ ಪದಗಳನ್ನು ಉದುರಿಸಿ ಮೆಚ್ಚಿಸಲು ಹೋಗಬೇಡಿ. ಉಚ್ಚಾರ ತಪ್ಪಿದರೆ ನಗೆಪಾಟಲು.

ನೀವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಯಾವ ಹಬ್ಬಗಳಿಗೆ ಕಚೇರಿ ಮುಚ್ಚುತ್ತದೆ, ಅದಕ್ಕೆ ಸಂಬಳ ಇದೆಯೇ? ಶುಕ್ರವಾರ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಭಾನುವಾರ ಕಾರ್ಯಕ್ರಮ ಇದ್ದರೆ ಬದಲಿ ರಜೆ ಹೇಗೆ? ಸೋಷಿಯಲ್ ಮೀಡಿಯಾದ ನಿಯಮ ಏನು? ಈ ಹುದ್ದೆಯಲ್ಲಿ ಹಿಂದೆ ಇದ್ದವರು ಎಷ್ಟು ದಿನ ಇದ್ದರು?

ಕೊನೆಯ ಪ್ರಶ್ನೆಗೆ "ಒಂದೂವರೆ ವರ್ಷದಲ್ಲಿ ಮೂರು ಜನ" ಎಂದು ಉತ್ತರ ಬಂದರೆ ಸುಮ್ಮನೆ ಎದ್ದು ಬನ್ನಿ.

ಕೈಕುಲುಕುವ ವಿಚಾರ. ಕಟ್ಟುನಿಟ್ಟಿನ ಆಚರಣೆಯ ಆರ್ಥಡಾಕ್ಸ್ ಪಂಗಡದ ಕೆಲವರು ಬೇರೆ ಲಿಂಗದವರ ಕೈ ಮುಟ್ಟುವುದಿಲ್ಲ. ಅವರು ಕೈ ಚಾಚುವವರೆಗೆ ಕಾಯಿರಿ. ಚಾಚದಿದ್ದರೆ ಕೈಮುಗಿಯಿರಿ. ಈ ಒಂದು ವಿಷಯದಲ್ಲಿ ನಮಗೆ ಹುಟ್ಟಿನಿಂದಲೇ ತರಬೇತಿ ಆಗಿದೆ.

ಹಂತ 6: ಕ್ಯಾಲೆಂಡರ್ ಕೂರಿಸಿಕೊಳ್ಳಿ

ಕೆಲಸಕ್ಕೆ ಸೇರಿದ ಮೊದಲ ದಿನ, ಇಮೇಲ್ ತೆರೆದ ತಕ್ಷಣ, ಹೆಬ್‌ಕ್ಯಾಲ್ ಜೋಡಿಸಿ. ಆಮೇಲೆ ಮಾಡೋಣ ಎಂದವರಿಗೆ ಆ "ಆಮೇಲೆ" ಬರುವುದು ತಪ್ಪು ಮಾಡಿದ ಮೇಲೆ.

ಮೊದಲ ನಿಯಮ: ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. 2026ರ ಯೋಮ್ ಕಿಪ್ಪುರ್ (ಉಪವಾಸದ ದಿನ) ಸೆಪ್ಟೆಂಬರ್ 21 ಎಂದು ಬರೆದಿದ್ದರೂ ಅದು 20ರ ಭಾನುವಾರ ಸಂಜೆಯೇ ಶುರು. 20ರ ಸಂಜೆ ಆರಕ್ಕೆ ಕರೆ ಇಟ್ಟರೆ ಯಾರೂ ಬರುವುದಿಲ್ಲ, ಬರಲೂಬಾರದು.

ಎರಡನೆಯದು: ಇಸ್ರೇಲ್ ಹೊರಗೆ ಸಂಪ್ರದಾಯದವರು ಹೆಚ್ಚಿನ ಹಬ್ಬಗಳನ್ನು ಎರಡೆರಡು ದಿನ ಆಚರಿಸುತ್ತಾರೆ. ಹೊಸ ವರ್ಷವಾದ ರೋಶ್ ಹಶಾನಾ 2, ಯೋಮ್ ಕಿಪ್ಪುರ್ 1, ಸುಕ್ಕೋತ್ ಆರಂಭದ 2, ಅದರ ಕೊನೆಗೆ ಶ್ಮಿನಿ ಅತ್ಸೆರೆತ್ ಮತ್ತು ಸಿಮ್ಖಾತ್ ತೋರಾ 2, ಪಾಸೋವರ್ ಆರಂಭದ 2 ಕೊನೆಯ 2, ಶಾವುವೋತ್ 2. ಒಟ್ಟು 13 ದಿನ. ಈ ದಿನಗಳಲ್ಲಿ ಆಚರಿಸುವವರು ಕೆಲಸ ಮಾಡುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಉದಾರವಾದಿ ರಿಫಾರ್ಮ್ ಪಂಗಡದ ಹಲವರು ಒಂದೊಂದೇ ದಿನ ಆಚರಿಸುತ್ತಾರೆ. ನಿಮ್ಮ ಸಂಸ್ಥೆ ಯಾವ ಲೆಕ್ಕ ಹಿಡಿಯುತ್ತದೆ ಎಂದು ಲಿಖಿತ ಪಟ್ಟಿ ಕೇಳಿ.

ನನ್ನ ತಪ್ಪು ಇಲ್ಲೇ ಆದದ್ದು. 2019ರಲ್ಲಿ ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 21ಕ್ಕೆ ಹಬ್ಬ ಎಂದಿತ್ತು. 22ರ ಮಂಗಳವಾರ ಸ್ವಯಂಸೇವಕರ ತರಬೇತಿ ಇಟ್ಟು ನಲವತ್ತು ಜನಕ್ಕೆ ಆಹ್ವಾನ ಕಳಿಸಿದೆ. ಆ ದಿನ ಸಿಮ್ಖಾತ್ ತೋರಾ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸುವಷ್ಟು ಸೌಮ್ಯವಾದ ಉತ್ತರಗಳು ಬಂದವು.

ಮೂರನೆಯದು ನಮಗೆ ಸುಲಭ, ಅಮೆರಿಕನ್ನರಿಗೆ ಕಷ್ಟ. ಇವರದ್ದೂ ಚಂದ್ರನ ತಿಂಗಳು, ಅದನ್ನು ಸೂರ್ಯನ ವರ್ಷಕ್ಕೆ ಹೊಂದಿಸಲು ಅಧಿಕ ಮಾಸ. 19 ವರ್ಷಕ್ಕೆ 7 ಸಲ ಒಂದು ತಿಂಗಳು ಸೇರುತ್ತದೆ. ಅದಕ್ಕೇ ಪಾಸೋವರ್ 2026ರಲ್ಲಿ ಏಪ್ರಿಲ್ 1ರ ಸಂಜೆ, 2027ರಲ್ಲಿ ಏಪ್ರಿಲ್ 21ರ ಸಂಜೆ. ರೋಶ್ ಹಶಾನಾ ಅಮಾವಾಸ್ಯೆಯ ಆಸುಪಾಸು, ಪಾಸೋವರ್ ಹುಣ್ಣಿಮೆಯ ಆಸುಪಾಸು. 2025ರಲ್ಲಿ ಯೋಮ್ ಕಿಪ್ಪುರ್ ಮತ್ತು ನಮ್ಮ ವಿಜಯದಶಮಿ ಎರಡೂ ಅಕ್ಟೋಬರ್ 2ಕ್ಕೇ ಬಿದ್ದವು. ಅವರು ಉಪವಾಸ, ನಾವು ಹೋಳಿಗೆ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಬಂದದ್ದರಿಂದ ನವರಾತ್ರಿ ಅಕ್ಟೋಬರ್‌ಗೆ ಹೋಗಿ, ರೋಶ್ ಹಶಾನಾದ ಪಕ್ಕಕ್ಕೆ ಗಣೇಶ ಚತುರ್ಥಿ ಬಂದಿದೆ, ಸೆಪ್ಟೆಂಬರ್ 14ಕ್ಕೆ. ಮನೆಯ ಪಂಚಾಂಗವನ್ನೂ ಹೆಬ್‌ಕ್ಯಾಲ್ ಅನ್ನೂ ಒಟ್ಟಿಗೆ ಇಟ್ಟುಕೊಂಡರೆ ರಜೆ ಯಾವಾಗ ಕೇಳಬೇಕು ಎಂದು ವರ್ಷದ ಆರಂಭದಲ್ಲೇ ಗೊತ್ತಾಗುತ್ತದೆ.

ಒಂದು ವರ್ಷ ನೋಡಿ ಮುಂದಿನ ವರ್ಷ ಊಹಿಸಬೇಡಿ. 2025ರ ಶರತ್ಕಾಲದಲ್ಲಿ ಹಬ್ಬಗಳು ಏಳು ಕೆಲಸದ ದಿನಗಳನ್ನು ನುಂಗಿದ್ದವು. 2026ರಲ್ಲಿ ಬಹುತೇಕ ಎಲ್ಲ ಶನಿವಾರ, ಭಾನುವಾರಕ್ಕೆ ಬಿದ್ದು, ಕೆಲಸದ ದಿನ ಹೋಗುವುದು ಒಂದೇ, ಯೋಮ್ ಕಿಪ್ಪುರ್‌ನ ಆ ಸೋಮವಾರ.

ಶುಕ್ರವಾರದ ಲೆಕ್ಕ ಬೇರೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿ ದಿನ ಶಬ್ಬಾತ್. ಅದರ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ನ್ಯೂಯಾರ್ಕಿನಲ್ಲಿ ಡಿಸೆಂಬರ್‌ನ ಸೂರ್ಯ ನಾಲ್ಕೂವರೆಗೆ ಮುಳುಗುತ್ತಾನೆ. ಅಂದರೆ ನಾಲ್ಕು ಗಂಟೆಗೆ ಜನ ಮನೆಯಲ್ಲಿರಬೇಕು, ಎರಡು ಗಂಟೆಗೆ ರೈಲಿನಲ್ಲಿ. ಚಳಿಗಾಲದ ಶುಕ್ರವಾರ ಮಧ್ಯಾಹ್ನದ ನಂತರ ತುರ್ತು ಎಂದು ಏನನ್ನೂ ಕಳಿಸಬೇಡಿ. ಬರೆದಿಟ್ಟು ಭಾನುವಾರ ಅಥವಾ ಸೋಮವಾರಕ್ಕೆ ಹೋಗುವಂತೆ ಹೊಂದಿಸಿ.

ಹಂತ 7: ಅಡುಗೆಮನೆಯ ನಿಯಮ ಕಲಿಯಿರಿ

ಸಸ್ಯಾಹಾರಿಗಳು ಮಾಡುವ ತಪ್ಪು ಇಲ್ಲಿ ಜಾಸ್ತಿ. "ನನ್ನ ಡಬ್ಬದಲ್ಲಿ ಮಾಂಸವೇ ಇಲ್ಲ, ನನಗೇನು ನಿಯಮ" ಎಂಬ ಧೈರ್ಯ. ಕೋಶರ್ ಎಂಬ ಯಹೂದಿ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಒಟ್ಟಿಗೆ ಸೇರಬಾರದು. ಪಾತ್ರೆ, ಸಿಂಕು, ಮೈಕ್ರೋವೇವ್ ಎಲ್ಲ ಬೇರೆ ಬೇರೆ. ಎಷ್ಟೋ ಕಡೆ ಕೆಂಪು ಚೀಟಿ ಮಾಂಸಕ್ಕೆ, ನೀಲಿ ಚೀಟಿ ಹಾಲಿಗೆ. ನಿಮ್ಮ ಮೊಸರನ್ನ, ತುಪ್ಪ ಹಾಕಿದ ಪೊಂಗಲ್ ಎರಡೂ ಹಾಲಿನ ಕಡೆಯವು. ಅಷ್ಟೇ ಅಲ್ಲ, ನಿಮ್ಮ ಮನೆಯ ಅಡುಗೆಮನೆ ಕೋಶರ್ ಅಲ್ಲ, ಆದ್ದರಿಂದ ತುಪ್ಪವಿಲ್ಲದ ಚಪಾತಿಯೂ ಆ ಮೈಕ್ರೋವೇವಿಗೆ ಹೋಗುವಂತಿಲ್ಲದಿರಬಹುದು.

ಆದ್ದರಿಂದ ಮೊದಲ ದಿನ ಮೂರು ಪ್ರಶ್ನೆ: ಹೊರಗಿನ ಊಟ ಕಟ್ಟಡದೊಳಗೆ ತರಬಹುದೇ? ಎಲ್ಲಿ ಬಿಸಿ ಮಾಡಬಹುದು? ಎಲ್ಲರಿಗೂ ಹಂಚಲು ಏನು ತರಬಹುದು? ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಉತ್ತರ. ಕೆಲವು ಕಡೆ ಯಾವ ನಿಯಮವೂ ಇಲ್ಲ.

ಹಬ್ಬಕ್ಕೆ ಮನೆಯಲ್ಲಿ ಮಾಡಿದ ಮೈಸೂರ್ ಪಾಕ್ ಹಂಚುವ ಆಸೆ ಬಿಡಿ. ಪ್ರೀತಿಯಿಂದ ತಂದದ್ದನ್ನು ಅರ್ಧ ಜನ ತಿನ್ನದೆ ಮೇಜಿನ ಮೇಲೆ ಉಳಿಸಿದಾಗ ಬೇಜಾರಾಗುತ್ತದೆ. ಪೊಟ್ಟಣದ ಮೇಲೆ ವೃತ್ತದೊಳಗೆ ಯು ಅಕ್ಷರ ಇರುವಂಥ ಕೋಶರ್ ಗುರುತಿನ ತಿಂಡಿ ತನ್ನಿ. ಗುರುತಿನ ಪಕ್ಕ ಡಿ ಇದ್ದರೆ ಹಾಲಿನದ್ದು. ಒಡೆಯದ ಪೊಟ್ಟಣ ಆಗಿರಲಿ.

ಸಸ್ಯಾಹಾರಿಗಳಿಗೆ ಇನ್ನೊಂದು ಬಲೆ. ಪಾರ್ವೆ ಎಂದು ಬರೆದಿದ್ದರೆ ಮಾಂಸವೂ ಇಲ್ಲ ಹಾಲೂ ಇಲ್ಲ ಎಂದರ್ಥ. ಆದರೆ ಮೀನು, ಮೊಟ್ಟೆ ಎರಡೂ ಪಾರ್ವೆ. "ಹಾಲಿನ ಊಟ" ಎಂದು ಕರೆದ ಕಡೆ ಬೇಗಲ್ ಜೊತೆ ಸಾಲ್ಮನ್ ಇರುವುದು ಮಾಮೂಲು.

ಪಾಸೋವರ್ ವಾರದಲ್ಲಿ ನಿಯಮ ಇನ್ನೂ ಬಿಗಿ. ಬ್ರೆಡ್, ಗೋಧಿಯ ತಿಂಡಿ ಕಟ್ಟಡದೊಳಗೇ ಬರಬಾರದು. ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ) ಸಂಪ್ರದಾಯದವರು ಅಕ್ಕಿ, ಬೇಳೆಗಳನ್ನೂ ಬಿಡುತ್ತಾರೆ, ಸೆಫಾರ್ಡಿಗಳಲ್ಲಿ (ಸ್ಪೇನ್ ಮೂಲದವರಲ್ಲಿ) ಹಲವರು ಅಕ್ಕಿ ತಿನ್ನುತ್ತಾರೆ. ಇಡ್ಲಿ, ಚಿತ್ರಾನ್ನ, ಚಪಾತಿ ಮೂರೂ ಔಟ್. ಆ ವಾರ ನಾನು ಕಾರಿನಲ್ಲಿ ಕೂತು ಊಟ ಮಾಡುತ್ತೇನೆ.

ಹಂತ 8: ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯಿರಿ

ಇಲ್ಲಿ ಎರಡು ಬಗೆಯ ಜನ. ಸಂಬಳ ಪಡೆಯುವ ನೌಕರರು ಪ್ರೊಫೆಷನಲ್‌ಗಳು. ಸಂಬಳ ಇಲ್ಲದೆ ಬೋರ್ಡ್, ಸಮಿತಿಗಳಲ್ಲಿ ಕೂರುವ ಸಮುದಾಯದವರು ಲೇ ಲೀಡರ್‌ಗಳು. ಇವರು ಸ್ವಯಂಸೇವಕರು ಎಂದು ಹಗುರವಾಗಿ ನೋಡಬೇಡಿ. ಬಜೆಟ್ಟಿಗೆ ಒಪ್ಪಿಗೆ ಕೊಡುವವರು, ನಿರ್ದೇಶಕರನ್ನು ನೇಮಿಸುವವರು ಅವರೇ. ಹೆಚ್ಚಿನವರು ದೊಡ್ಡ ದಾನಿಗಳೂ ಹೌದು.

ಲೇ ಲೀಡರ್ ನೇರವಾಗಿ ನಿಮಗೆ ಫೋನ್ ಮಾಡಿ ಕೆಲಸ ಹೇಳಿದರೆ? "ಖಂಡಿತ, ನಮ್ಮ ಮ್ಯಾನೇಜರ್‌ಗೆ ಹೇಳಿ ತಿಳಿಸುತ್ತೇನೆ" ಎನ್ನಿ, ಅದೇ ದಿನ ಮ್ಯಾನೇಜರ್‌ಗೆ ಬರೆಯಿರಿ. ಹೂಂ ಎಂದು ಗುಟ್ಟಾಗಿ ಮಾಡಿಕೊಟ್ಟವರು ಎರಡೂ ಕಡೆ ಸಿಕ್ಕಿಹಾಕಿಕೊಂಡಿದ್ದಾರೆ.

ಯಾರು ಎಷ್ಟು ಕೊಟ್ಟರು, ಯಾರು ಆಹಾರದ ಪೊಟ್ಟಣ ತೆಗೆದುಕೊಂಡು ಹೋದರು, ಎರಡನ್ನೂ ಬಾಯಿ ಬಿಡಬೇಡಿ. ಮನೆಯಲ್ಲೂ, ಕೂಟದಲ್ಲೂ. ದಾನಿಗಳ ವಿಭಾಗದಲ್ಲಿದ್ದರೆ ಡಿಸೆಂಬರ್ ಕೊನೆಯ ವಾರ ರಜೆ ಹಾಕಬೇಡಿ. ತೆರಿಗೆಯ ವರ್ಷ 31ಕ್ಕೆ ಮುಗಿಯುವುದರಿಂದ ದುಡ್ಡು ಬರುವುದು ಆಗಲೇ. ಊರಿಗೆ ಹೋಗುವ ವಿಮಾನದ ಟಿಕೆಟ್ ಜನವರಿಗೆ ಇರಲಿ.

ಹಂತ 9: ಬಾಗಿಲು

ಯಹೂದಿ ಕಟ್ಟಡಗಳ ಮೇಲೆ ದಾಳಿಗಳು ನಡೆದಿವೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ 11 ಜನ ಸತ್ತರು. 2008ರಲ್ಲಿ ಭಯೋತ್ಪಾದಕರು ನುಗ್ಗಿದ ಮುಂಬೈಯ ಯಹೂದಿ ಕೇಂದ್ರ ನರಿಮನ್ ಹೌಸ್ ನಮಗೆ ಗೊತ್ತೇ ಇದೆ. ಆದ್ದರಿಂದ ಕಾವಲು, ಕ್ಯಾಮರಾ, ಗುರುತಿನ ಚೀಟಿ ಇವನ್ನು ನಾಟಕ ಎಂದುಕೊಳ್ಳಬೇಡಿ.

ನಿಮ್ಮ ಹಿಂದೆ ಬರುವವರಿಗೆ ಬಾಗಿಲು ಹಿಡಿದುಕೊಳ್ಳಬೇಡಿ. ನಮ್ಮ ಸಂಸ್ಕಾರಕ್ಕೆ ಕಷ್ಟ, ಆದರೂ ಬೇಡ. ಪ್ರತಿಯೊಬ್ಬರೂ ತಮ್ಮ ಕಾರ್ಡ್ ಒತ್ತಿಯೇ ಬರಬೇಕು. ಕಟ್ಟಡದ ಒಳಗಿನ ಫೋಟೋ, ಮಕ್ಕಳ ಫೋಟೋ, "ಈಗ ಇಲ್ಲಿದ್ದೇನೆ" ಎಂಬ ಪೋಸ್ಟ್ ಹಾಕಬೇಡಿ. ಶಿಶುವಿಹಾರದ ಕೆಲಸವಾದರೆ ಬೆರಳಚ್ಚು, ಹಿನ್ನೆಲೆ ತಪಾಸಣೆ ಮುಗಿಯಲು ವಾರಗಳು ಹಿಡಿಯಬಹುದು. ಹಳೆಯ ಕೆಲಸ ಬಿಡುವ ಮುಂಚೆ ಅದು ಮುಗಿದಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಸುರಕ್ಷತೆಯ ಬಗ್ಗೆ ಕೇಳಿದಾಗ ಯಾರಿಗೂ ಉತ್ತರ ಗೊತ್ತಿಲ್ಲದ ಸಂಸ್ಥೆ ಎಚ್ಚರಿಕೆಯ ಗಂಟೆ.

ಹಂತ 10: ಮಾತು ಮತ್ತು ಗುರುತುಗಳು

ಕಟ್ಟುನಿಟ್ಟಿನ ಮೇಷ್ಟ್ರನ್ನು ನಾವು "ಹಿಟ್ಲರ್" ಎಂದು ಕರೆದು ನಗುತ್ತೇವೆ. ಆ ಅಭ್ಯಾಸವನ್ನು ಬಾಗಿಲಾಚೆಯೇ ಬಿಡಿ. ಇಲ್ಲಿ ಪಕ್ಕದ ಮೇಜಿನವರ ಅಜ್ಜಿಯ ಇಡೀ ಮನೆತನ ಹೋಗಿರಬಹುದು.

ಸ್ವಸ್ತಿಕ ನಮಗೆ ಮಂಗಳಕರ. ಅವರಿಗೆ ಅದು ನಾಜಿ ಗುರುತನ್ನೇ ನೆನಪಿಸುತ್ತದೆ. ಗೃಹಪ್ರವೇಶದ ಆಹ್ವಾನಪತ್ರಿಕೆ, ಜೂಮ್ ಹಿಂದಿನ ಗೋಡೆ, ಕಾರಿನ ಅಂಟುಚಿತ್ರ, ದೀಪಾವಳಿ ರಂಗೋಲಿ, ಎಲ್ಲೆಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಕಚೇರಿಗೆ ಬರುವ ವಸ್ತುಗಳಲ್ಲಿ ಇಲ್ಲದಿರಲಿ. ಯಾರಾದರೂ ಕೇಳಿದರೆ ಶಾಂತವಾಗಿ ವಿವರಿಸಿ, ಎಷ್ಟೋ ಜನರಿಗೆ ಅದರ ಭಾರತೀಯ ಅರ್ಥ ಗೊತ್ತಿರುತ್ತದೆ. "ನಮ್ಮದು ಐದು ಸಾವಿರ ವರ್ಷ ಹಳೆಯದು" ಎಂದು ವಾದ ಗೆಲ್ಲಲು ಹೋಗಬೇಡಿ.

ಇಸ್ರೇಲ್ ಬಗ್ಗೆ ಎಲ್ಲರ ಅಭಿಪ್ರಾಯ ಒಂದೇ ಎಂದುಕೊಳ್ಳಬೇಡಿ. ಒಂದೇ ಕಚೇರಿಯಲ್ಲಿ ನಾಲ್ಕು ನಿಲುವು ಇರುತ್ತದೆ, 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರ ಅದು ಇನ್ನೂ ನೋವಿನ ವಿಷಯ. ಬೆಂಬಲ ತೋರಿಸುತ್ತೇನೆಂದು ಊರಿನ ರಾಜಕೀಯವನ್ನು ಅದಕ್ಕೆ ಜೋಡಿಸಿ ಮಾತಾಡುವುದೂ ಬೇಡ. ಕೇಳಿಸಿಕೊಳ್ಳಿ. ಸಂಸ್ಥೆಯ ನಿಲುವಿನ ಜೊತೆ ಇರಲು ನಿಮಗೆ ಆಗುವುದಿಲ್ಲ ಎನಿಸಿದರೆ ಅದನ್ನು ಸೇರುವ ಮುಂಚೆಯೇ ಯೋಚಿಸಿ.

ಯೋಮ್ ಕಿಪ್ಪುರ್‌ಗೆ "ಹ್ಯಾಪಿ" ಸೇರಿಸಬೇಡಿ, ಅದು ಉಪವಾಸದ ದಿನ. "ಈಸಿ ಫಾಸ್ಟ್" ಎಂದು ಹಾರೈಸುವುದು ವಾಡಿಕೆ. ಸಹೋದ್ಯೋಗಿಯ ಮನೆಯಲ್ಲಿ ಸಾವಾದರೆ ಶಿವಾ ಎಂಬ ಏಳು ದಿನದ ಶೋಕ ಇರುತ್ತದೆ. ಸೂತಕ ಗೊತ್ತಿರುವ ನಮಗೆ ಇದು ಅರ್ಥವಾಗುತ್ತದೆ. ಹೂವು ಕಳಿಸುವುದು ರೂಢಿಯಲ್ಲಿಲ್ಲ. ಕೋಶರ್ ಊಟ ಕಳಿಸಿ, ಅಥವಾ ಸತ್ತವರ ಹೆಸರಿನಲ್ಲಿ ಚಿಕ್ಕ ದೇಣಿಗೆ ಕೊಡಿ. ಆ ವಾರ ಕೆಲಸದ ಇಮೇಲ್ ಕಳಿಸಬೇಡಿ.

ಹಂತ 11: ತಪ್ಪಾದಾಗ

ಆಗೇ ಆಗುತ್ತದೆ. ಮುಚ್ಚಿಡುವುದು, ಅಥವಾ ಎಲ್ಲರ ಮುಂದೆ ಅತಿಯಾಗಿ ಕ್ಷಮೆ ಕೇಳಿ ಅವರಿಗೇ ಮುಜುಗರ ಮಾಡುವುದು, ಎರಡೂ ಬೇಡ. ಯಾರಿಗೆ ಸಂಬಂಧಿಸಿದೆಯೋ ಅವರಿಗೆ ತಕ್ಷಣ, ಒಂದೇ ವಾಕ್ಯದಲ್ಲಿ ಹೇಳಿ. ಆಹ್ವಾನದ ತಪ್ಪಾದರೆ ಹೊಸ ದಿನಾಂಕದ ಜೊತೆಗೇ ಹೇಳಿ. ಅಡುಗೆಮನೆಯದಾದರೆ ನೀವೇ ತೊಳೆದು ಸರಿಮಾಡಲು ಹೋಗಬೇಡಿ, ನಿಮ್ಮ ಸ್ಪಂಜಿನಿಂದ ಇನ್ನೊಂದು ತೊಂದರೆ ಆಗುತ್ತದೆ. ಅಡುಗೆಮನೆಯ ಮೇಲ್ವಿಚಾರಕರನ್ನು ಮಶ್ಗಿಯಖ್ ಎನ್ನುತ್ತಾರೆ. ಅವರನ್ನು ಕರೆಯಿರಿ.

ಸೇರಿದ ಮೂರನೇ ವಾರ ನಾನು ತುಪ್ಪ ಸುರಿದ ಬಿಸಿಬೇಳೆಬಾತನ್ನು ಕೆಂಪು ಚೀಟಿಯ ಮೈಕ್ರೋವೇವಿನಲ್ಲಿಟ್ಟು ಬಿಸಿ ಮಾಡಿದ್ದೆ. ಘಮ ಇಡೀ ಮಹಡಿಗೆ ಹರಡಿದ ಮೇಲೆ ಚೀಟಿ ಕಣ್ಣಿಗೆ ಬಿತ್ತು. ಮಶ್ಗಿಯಖ್ ಬಂದರು, ನೋಡಿದರು, ಬಾಗಿಲಿಗೆ ಟೇಪ್ ಅಂಟಿಸಿ "ಬಳಸಬೇಡಿ" ಎಂದು ಬರೆದರು. ಒಳಗೆಲ್ಲ ಒರೆಸಿ 24 ಗಂಟೆ ಹಾಗೇ ಬಿಟ್ಟು, ಆಮೇಲೆ ಒಂದು ಬಟ್ಟಲು ನೀರಿಟ್ಟು ಹಬೆ ತುಂಬುವವರೆಗೆ ಕುದಿಸಿದರು. ಟೇಪ್ ಕಿತ್ತು ಹೋಗುವಾಗ, ಆ ಡಬ್ಬದಲ್ಲಿ ಇದ್ದದ್ದು ಏನು, ಅದನ್ನು ತುಪ್ಪವಿಲ್ಲದೆ ಮಾಡಲು ಬರುತ್ತದೆಯೇ ಎಂದು ಕೇಳಿದರು.